ಬೆರಳಿಗೆ ಸಿಕ್ಕ ಟಕ್

ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಗಲ್ಲಿ. ನನ್ನ ಹಳೆಯ ಮಾರುತಿ 800ರ ಕೆಳಗೆ ಗೋಣಿತಾಟು ಹಾಸಿಕೊಂಡು ಮೇಸ್ತ್ರಿ ಅಂಗಾತ ಮಲಗಿದ್ದಾರೆ. ಸೀಟಿನಲ್ಲಿ ಕೂತ ಹುಡುಗ ಸ್ಟೇರಿಂಗನ್ನು ಎಡಕ್ಕೆರಡು ಬೆರಳು, ಬಲಕ್ಕೆರಡು ಬೆರಳು ಆಡಿಸುತ್ತಿದ್ದಾನೆ. ಪ್ರತಿ ಸಲವೂ ಟಕ್.

ತಿಂಗಳಿಂದ ಈ ಸದ್ದು ನನ್ನ ಜೊತೆಗಿತ್ತು. ಬೇರೊಂದು ವರ್ಕ್‌ಶಾಪಿನವರು ಗಾಡಿ ಎತ್ತಿಯೂ ನೋಡದೆ, ಇಡೀ ಸ್ಟೇರಿಂಗ್ ರ‍್ಯಾಕ್ ಬದಲಿಸಬೇಕೆಂದು ಎಸ್ಟಿಮೇಟ್ ಬರೆದುಕೊಟ್ಟಿದ್ದರು. ರಿಪೇರಿಗೆಂದು ಇಲ್ಲಿಗೆ ಬಂದವನು ನೋಟ್‌ಬುಕ್ ತೆಗೆದದ್ದು ಮೇಸ್ತ್ರಿಯ ಕೈ ನೋಡಿ.

ಅವರು ಕಿವಿಯನ್ನು ನಂಬುವುದಿಲ್ಲ. ಕಬ್ಬಿಣ ಸಿಕ್ಕರೆ ಸದ್ದು ಓಡುತ್ತದೆ, ಹುಟ್ಟಿದ ಕಡೆ ನಿಲ್ಲುವುದಿಲ್ಲ ಎನ್ನುತ್ತಾರೆ. ಚಕ್ರದ ಬಳಿ ಹುಟ್ಟಿದ್ದು ಸ್ಟೇರಿಂಗ್ ರಾಡನ್ನು ಹತ್ತಿ ಪೆಡಲಿನ ಹತ್ತಿರ ಕೇಳಿಸುತ್ತದೆ. ಅದಕ್ಕೇ ಬೆರಳು. ಚಕ್ರಗಳು ನೆಲದ ಮೇಲೇ ಇರಬೇಕು, ಗಾಡಿಯ ಭಾರ ಜಾಯಿಂಟುಗಳ ಮೇಲೆ ಕೂತಿರಬೇಕು. ಮೊದಲು ಚಕ್ರದ ತೋಳಿಗೆ ಸೇರುವ ಟೈರಾಡ್ ಎಂಡನ್ನು ಅಂಗೈಯಲ್ಲಿ ಹಿಡಿಯುತ್ತಾರೆ: ಅರ್ಧ ಬೆರಳು ಅದರ ಮೇಲೆ, ಅರ್ಧ ಪಕ್ಕದ ತೋಳಿನ ಮೇಲೆ. ಎರಡೂ ಒಟ್ಟಿಗೆ ಸರಿದರೆ ಜಾಯಿಂಟು ಗಟ್ಟಿ. ಒಂದು ಹೊರಟು ಇನ್ನೊಂದು ಕೂದಲೆಳೆಯಷ್ಟು ತಡಮಾಡಿದರೆ ಅಲ್ಲಿ ಆಟ ಇದೆ. ಅಲುಗಾಡುವ ಹಲ್ಲು ಕನ್ನಡಿಗೆ ಕಾಣುವ ಮೊದಲೇ ನಾಲಿಗೆಗೆ ಗೊತ್ತಾಗುತ್ತದಲ್ಲ, ಹಾಗೆ.

ಟೈರಾಡ್ ಆಯಿತು. ರಬ್ಬರ್ ಬೂಟನ್ನು ಹಿಂಡಿ ಒಳಗಿನ ರ‍್ಯಾಕ್ ಎಂಡ್ ನೋಡಿದರು. ರ‍್ಯಾಕನ್ನು ಗಾಡಿಯ ಬಾಡಿಗೆ ಕಟ್ಟಿದ ಕ್ಲಾಂಪು, ಅದರ ರಬ್ಬರು. ಆಮೇಲೆ ಜ್ಯಾಕ್ ಏರಿಸಿ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದರು, ನಂತರ ಮೇಲೆ ಕೆಳಗೆ ಹಿಡಿದು. ಎಡಬಲದ ಆಟಕ್ಕೆ ಹೆಚ್ಚಾಗಿ ಟೈರಾಡೇ ಕಾರಣ. ಮೇಲೆ ಕೆಳಗೆ ಆಡಿದರೆ ಬೇರಿಂಗೋ ಬಾಲ್ ಜಾಯಿಂಟೋ. ಎಲ್ಲ ಗಟ್ಟಿ.

ಜೆ.ಸಿ. ರಸ್ತೆಯೆಂದರೆ ಜಯಚಾಮರಾಜೇಂದ್ರ ರಸ್ತೆ. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್‌ವರೆಗೆ ಬಿಡಿಭಾಗಗಳದ್ದೇ ಸಂತೆ. ಮೇಸ್ತ್ರಿ ಕೆಲಸ ಕಲಿತದ್ದು ರ‍್ಯಾಕಿಲ್ಲದ ಫಿಯೆಟ್‌ಗಳ ಬಾಕ್ಸ್ ಸ್ಟೇರಿಂಗಿನಲ್ಲಿ. ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಅಂಬಾಸಡರಿಗೆ ಮೊದಲಿಂದಲೂ ರ‍್ಯಾಕೇ ಇತ್ತು ಎಂದು ಅಭಿಮಾನದಿಂದ ನೆನೆಯುತ್ತಾರೆ. 1983ರ ಕೊನೆಗೆ ಬಂದ ಮಾರುತಿ 800 ಅವರ ಹೊಟ್ಟೆ ಹೊರೆಯಿತು. 2014ರಲ್ಲಿ ಆ ಕಾರಿನ ತಯಾರಿಕೆಯೂ ಅಂಬಾಸಡರಿನದೂ ನಿಂತವು.

ರ‍್ಯಾಕಿನ ಬಗ್ಗೆ ಅವರು ಹೇಳಿದ ಒಂದು ಮಾತನ್ನು ಕಾರಿರುವ ಎಲ್ಲರೂ ಕೇಳಬೇಕು. ಹಲ್ಲಿನ ಸರಳನ್ನು ಸ್ಟೇರಿಂಗ್ ತುದಿಯ ಹಲ್ಲುಚಕ್ರವಾದ ಪಿನಿಯನ್ನಿಗೆ ಒತ್ತಿ ಹಿಡಿಯಲು ಹಿಂದೆ ಸ್ಪ್ರಿಂಗಿನ ಒಂದು ಗುಂಡಿ ಇರುತ್ತದೆ. ಅದು ಸಡಿಲವಾದರೆ ಹಳ್ಳದಿಣ್ಣೆಯಲ್ಲಿ ಲಟಲಟ. ಆ ಗುಂಡಿಯ ಸ್ಕ್ರೂ ಬಿಗಿದರೆ ಸದ್ದು ಹೋಗುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಆದರೆ ಗಾಡಿ ಹೆಚ್ಚು ಓಡುವುದು ನೇರ ರಸ್ತೆಯಲ್ಲಿ, ಹಾಗಾಗಿ ಸವೆಯುವುದು ನಡುವಿನ ಹಲ್ಲುಗಳು. ನಡುವಿಗೆ ಸರಿಯಾಗುವಂತೆ ಬಿಗಿದರೆ, ಸವೆಯದ ತುದಿ ಹಲ್ಲುಗಳಿಗೆ ಬಂದಾಗ ಹಿಡಿದುಕೊಳ್ಳುತ್ತದೆ. ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ಮರಳುವುದಿಲ್ಲ. ಘಾಟಿಯಲ್ಲಿ ಇದು ಜೀವಕ್ಕೇ ಕುತ್ತು. ಸದ್ದಿದ್ದರೂ ಬದುಕಬಹುದು, ಹಿಡಿದುಕೊಂಡರೆ ಆಗದು ಎಂದು ಎಷ್ಟೋ ಗಾಡಿಗಳನ್ನು ಅವರು ಬಿಗಿಯದೆ ವಾಪಸು ಕಳಿಸಿದ್ದಾರೆ.

ಹುಡುಕುವುದರ ಮುಂದೆ, ಟೈರಾಡ್ ಎಂಡ್ ಬದಲಿಸುವುದು ಅವರ ಲೆಕ್ಕದಲ್ಲಿ ಹೊಸಬರ ಕೆಲಸ. ಸ್ಪ್ಲಿಟ್ ಪಿನ್ ಕಿತ್ತು, ನಟ್ಟನ್ನು ಪೂರ್ತಿ ತೆಗೆಯದೆ ಸಡಿಲಿಸಿ, ತೋಳಿನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯ ಒಂದೇ ಏಟು. ಎಷ್ಟು ಸುತ್ತು ಬಿಚ್ಚಿತೋ ಅಷ್ಟೇ ಸುತ್ತು ಹೊಸದನ್ನು ಹಾಕಬೇಕು, ಹೊಸ ಪಿನ್ನು ಹಾಕಬೇಕು, ಆಮೇಲೆ ಅಲೈನ್‌ಮೆಂಟ್.

ಈಗಿನ ಗಾಡಿಗಳಲ್ಲಿ ಸ್ಟೇರಿಂಗಿಗೆ ಮೋಟಾರು ಬಂದಿದೆ. ಸದ್ದು ಬಂದರೆ ಹೆಚ್ಚಾಗಿ ಅಸೆಂಬ್ಲಿಯನ್ನೇ ಬದಲಿಸುತ್ತಾರೆ. ಬಿಲ್ಲಿನಲ್ಲಿ ಭಾಗಕ್ಕೊಂದು ಸಾಲು, ಜೋಡಣೆಗೊಂದು ಸಾಲು ಇರುತ್ತದೆ. ಹುಡುಕಿದ್ದಕ್ಕೆ ಸಾಲೇ ಇಲ್ಲ. ಒಂದು ಗಂಟೆ ಮಣ್ಣಲ್ಲಿ ಮಲಗಿ ಹುಡುಕಿದವನಿಗೆ ಕೂಲಿ ಕೊಡುವಾಗ ನಾವು ಚೌಕಾಸಿಗಿಳಿಯುತ್ತೇವೆ. ಈ ಹುಡುಗನೂ ಯುಗಾದಿ ಕಳೆದ ಮೇಲೆ ಊಟ ತಲುಪಿಸುವ ಕೆಲಸಕ್ಕೆ ಹೋಗುತ್ತಾನಂತೆ. ಅವನ ತಪ್ಪೇನೂ ಇಲ್ಲ.

ಕೊನೆಗೆ ಮೇಸ್ತ್ರಿಯ ಕೈ ಸ್ಟೇರಿಂಗ್ ರಾಡಿನ ಕೆಳ ಜಾಯಿಂಟಿನ ಮೇಲೆ ನಿಂತಿತು. ಪಿನಿಯನ್ನಿಗೆ ಅದನ್ನು ಅಪ್ಪಿ ಹಿಡಿಯುವ ಬೋಲ್ಟು ಸಡಿಲವಾಗಿತ್ತು. ಎರಡನ್ನೂ ಕಚ್ಚಿ ಹಿಡಿಯುವ ಗೀರುಗಳು ಸವೆದಿರಲಿಲ್ಲ, ನನ್ನ ಪುಣ್ಯ. ಹೊಸ ಬೋಲ್ಟು ಹಾಕಿ ಬಿಗಿದರು, ಐದು ನಿಮಿಷದ ಕೆಲಸ. ಸ್ಟೇರಿಂಗ್ ಆಡಿಸಿದೆ, ಸದ್ದಿಲ್ಲ.

ಪರ್ಸ್ ತೆಗೆಯುತ್ತಿದ್ದವನನ್ನು ಮೇಸ್ತ್ರಿ ತಡೆದರು, ಸ್ಟೇರಿಂಗಿಗೆ ನನ್ನನ್ನೇ ಕೂರಿಸಿದರು. ಬಿಗಿದ ಬೋಲ್ಟನ್ನು ಪಾನಾ ಹಾಕಿ ಮತ್ತೆ ಸಡಿಲಿಸಿ, ಹುಡುಗನನ್ನು ಗಾಡಿಯ ಕೆಳಗೆ ಕರೆದು ಅವನ ಬೆರಳನ್ನು ಜಾಯಿಂಟಿನ ಮೇಲಿಟ್ಟರು. ನಾನು ಎಡಕ್ಕೆರಡು ಬೆರಳು, ಬಲಕ್ಕೆರಡು ಬೆರಳು ಆಡಿಸಿದೆ. ಸಿಕ್ತಾ ಎಂದು ಕೇಳಿದರು. ಇಲ್ಲ ಎಂದ. ಇನ್ನೊಮ್ಮೆ ಆಡಿಸಿ ಎಂದು ಕೆಳಗಿನಿಂದ ನನಗೆ ಕೂಗಿದರು.