ತಾಮ್ರದ ತಗಡಿನ ಮೇಲೊಂದು ಚಳಿಗಾಲ

ಇಂಗ್ಲೆಂಡಿನ ಚಳಿಗಾಲವೆಂದರೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಕ್ರಿಸ್‌ಮಸ್ ಕಾರ್ಡಿನ ಹಿಮ. ಆದರೆ ಅಲ್ಲಿ ನೆಲೆಸಿ ದುಡಿಯುವವರನ್ನು ಹಿಮಕ್ಕಿಂತ ಹೆಚ್ಚಾಗಿ ಕಾಡುವುದು ಕತ್ತಲೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಗ್ಲಾಸ್ಟರ್‌ಷೈರ್ ಸೀಮೆಯಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಬೆಳಿಗ್ಗೆ ಎಂಟು ದಾಟಿರುತ್ತದೆ. ನಾಲ್ಕರ ಸುಮಾರಿಗೆ ಮುಳುಗಿಯೂ ಆಗಿರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಗೂ ಹೆಚ್ಚು. ಅಲ್ಲಿ ಎಂಟು ಗಂಟೆಯೂ ಇಲ್ಲ. ಬೆಳಕನ್ನೇ ನಂಬಿ ಬದುಕುವ ಚಿತ್ರಕಾರ ಇಂಥ ಕಡೆ ಚಳಿಗಾಲವನ್ನು ಹೇಗೆ ಕಳೆಯುತ್ತಾನೆ? ಉತ್ತರ ಬೇಕಾದರೆ ಚಿಪ್ಪಿಂಗ್ ಕ್ಯಾಂಪ್ಡೆನ್ ಎಂಬ ಪುಟ್ಟ ಪಟ್ಟಣಕ್ಕೆ ಹೋಗಬೇಕು.

ಕುರಿಯ ಉಣ್ಣೆ ಕಟ್ಟಿದ ಊರು

ಕಾಟ್ಸ್‌ವೋಲ್ಡ್ ಗುಡ್ಡಗಳ ನಡುವಿನ ಈ ಊರಿನ ಹೆಸರಿನಲ್ಲೇ ಸಂತೆ ಇದೆ; 'ಚಿಪ್ಪಿಂಗ್' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಪೇಟೆ. ಮಧ್ಯಯುಗದಲ್ಲಿ ಇಲ್ಲಿನ ಉಣ್ಣೆ ಯೂರೋಪಿನ ಪೇಟೆಗಳಿಗೆ ಹೋಗುತ್ತಿತ್ತು. 1401ರಲ್ಲಿ ತೀರಿಕೊಂಡ ಉಣ್ಣೆ ವ್ಯಾಪಾರಿ ವಿಲಿಯಂ ಗ್ರೆವೆಲ್‌ನ ಮನೆ ಇನ್ನೂ ಬೀದಿಯಲ್ಲಿ ನಿಂತಿದೆ. 1627ರಲ್ಲಿ ಕಟ್ಟಿಸಿದ ಸಂತೆಮಂಟಪವೂ ಉಳಿದಿದೆ. ಜೇನಿನ ಬಣ್ಣದ ಸುಣ್ಣಕಲ್ಲಿನ ಮನೆಗಳು ಒಂದಕ್ಕೊಂದು ಒತ್ತಿಕೊಂಡು ಬೀದಿಯುದ್ದಕ್ಕೂ ಬಾಗಿ ಸಾಗುತ್ತವೆ.

1903ರಲ್ಲಿ ಫ್ರೆಡರಿಕ್ ಗ್ರಿಗ್ಸ್ ಎಂಬ ತರುಣ ಇಲ್ಲಿಗೆ ಬಂದ. ವಯಸ್ಸು ಇಪ್ಪತ್ತಾರು. ಹಿಚಿನ್ ಪಟ್ಟಣದಲ್ಲಿ ಹುಟ್ಟಿದವನು. ಪ್ರಕಾಶಕರೊಬ್ಬರು ಹೊರತರುತ್ತಿದ್ದ ಪ್ರವಾಸಿ ಪುಸ್ತಕಮಾಲೆಗೆ ರೇಖಾಚಿತ್ರ ಬರೆದುಕೊಡುವುದು ಅವನ ಕೆಲಸ. ಬಂದವನು ಊರಿಗೆ ಮನಸೋತ. ಮರುವರ್ಷದಿಂದ ಅಲ್ಲೇ ನೆಲೆ ನಿಂತ. 1938ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ.

ಸೂಜಿ, ಆಮ್ಲ, ತೇವದ ಕಾಗದ

ಗ್ರಿಗ್ಸ್‌ಗೆ ಹೆಸರು ತಂದದ್ದು ಎಚ್ಚಿಂಗ್ ಎಂಬ ಕಲೆ. ಬಯಲಿನಲ್ಲಿ ಕುಂಚ ಹಿಡಿಯಲಾಗದ ಚಳಿಗಾಲಕ್ಕೆ ಹೇಳಿ ಮಾಡಿಸಿದಂಥ ಒಳಮನೆಯ ಕೆಲಸ ಇದು. ನಯಮಾಡಿದ ತಾಮ್ರದ ತಗಡಿಗೆ ಮೇಣ, ರಾಳ ಬೆರೆಸಿದ ತೆಳುವಾದ ಲೇಪ ಕೊಡುತ್ತಾರೆ. ಉರಿಯುವ ಬತ್ತಿಯ ಹೊಗೆ ಹಿಡಿದು ಅದನ್ನು ಕಪ್ಪಾಗಿಸುತ್ತಾರೆ. ಆಮೇಲೆ ಸೂಜಿಯಿಂದ ಗೆರೆ ಎಳೆಯಬೇಕು. ಸೂಜಿ ಹೋದ ಕಡೆ ಲೇಪ ಕಿತ್ತು ತಾಮ್ರ ಮಿನುಗುತ್ತದೆ. ಹೊಳಪು ಕಣ್ಣಿಗೆ ಚುಚ್ಚದಿರಲೆಂದು ಕಿಟಕಿಗೆ ತೆಳುಗಾಗದದ ಪರದೆ ಕಟ್ಟುವುದುಂಟು. ಬೀದಿಯ ಚಿತ್ರವನ್ನು ಎಡಬಲ ತಿರುಗಿಸಿ ಬರೆಯಬೇಕು. ಇಲ್ಲವಾದರೆ ಅಚ್ಚಿನಲ್ಲಿ ಬಲಗಡೆಯ ಚರ್ಚು ಎಡಕ್ಕೆ ಬಂದು ನಿಲ್ಲುತ್ತದೆ!

ತಗಡನ್ನು ಆಮ್ಲದಲ್ಲಿ ಮುಳುಗಿಸಿದಾಗ ಗೆರೆ ಬಿದ್ದ ಕಡೆಯಷ್ಟೇ ತಾಮ್ರ ಸವೆಯುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳ, ಅಚ್ಚಿನಲ್ಲಿ ಅಷ್ಟೇ ಕಪ್ಪು. ಚಳಿಯ ಕಾಟ ಇಲ್ಲಿಯೇ. ಕೋಣೆ ತಣ್ಣಗಿದ್ದರೆ ಆಮ್ಲದ ಕೆಲಸ ನಿಧಾನವಾಗುತ್ತದೆ, ಶಾಯಿ ಗಟ್ಟಿಯಾಗುತ್ತದೆ. ಆದ್ದರಿಂದ ತಗಡನ್ನು ಬೆಚ್ಚಗೆ ಮಾಡಿ ಶಾಯಿ ತುಂಬಬೇಕು. ಮೇಲಿನ ಶಾಯಿಯನ್ನು ಮೊದಲು ಬಟ್ಟೆಯಿಂದ, ಕೊನೆಗೆ ಅಂಗೈಯಿಂದ ಒರೆಸಬೇಕು. ತೇವದ ಕಾಗದ ಹೊದಿಸಿ ಅಚ್ಚುಯಂತ್ರದ ಉರುಳೆಗಳ ನಡುವೆ ತಳ್ಳಿದಾಗ ಒಂದು ಚಿತ್ರ ಸಿದ್ಧ. ಮುಂದಿನ ಪ್ರತಿಗೆ ಮತ್ತೆ ಶಾಯಿ, ಮತ್ತೆ ಒರೆಸುವುದು.

ಗ್ರಿಗ್ಸ್ 1921ರಲ್ಲಿ ಮನೆಯಲ್ಲೇ ಅಚ್ಚುಯಂತ್ರ ಇಟ್ಟುಕೊಂಡು ತನ್ನ ತಗಡುಗಳನ್ನು ತಾನೇ ಅಚ್ಚು ಹಾಕತೊಡಗಿದ. ಒಂದೇ ತಗಡನ್ನು ಮತ್ತೆ ಮತ್ತೆ ತಿದ್ದುವುದು ಅವನ ಸ್ವಭಾವ. ಜೀವಮಾನದಲ್ಲಿ ಮುಗಿಸಿದ್ದು 57 ಎಚ್ಚಿಂಗ್ ಮಾತ್ರ. ಅವುಗಳಲ್ಲಿ ಹೆಚ್ಚಿನವು ಎಲ್ಲಿಯೂ ಇಲ್ಲದ ಊರುಗಳು: ಕಣ್ಣಿಗೆ ಕಂಡ ಕಲ್ಲು, ಕಮಾನು, ಗೋಪುರಗಳನ್ನು ಕಲ್ಪನೆಯಲ್ಲಿ ಕೂಡಿಸಿ ಕಟ್ಟಿದ ಮಧ್ಯಯುಗದ ಇಂಗ್ಲೆಂಡ್. 1931ರಲ್ಲಿ ರಾಯಲ್ ಅಕಾಡೆಮಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಆರಿಸಿಕೊಂಡಿತು.

ನೆರೆಯಲ್ಲಿದ್ದ ನಮ್ಮವರು

ಊರಿನಲ್ಲಿ ಗ್ರಿಗ್ಸ್ ಒಂಟಿಯಾಗಿರಲಿಲ್ಲ. ವಾಸ್ತುಶಿಲ್ಪಿ ಸಿ.ಆರ್. ಆಷ್‌ಬೀ 1902ರಲ್ಲೇ ಲಂಡನ್ನಿನ ಬಡ ಬಡಾವಣೆಯಿಂದ ತಮ್ಮ ಕುಶಲಕರ್ಮಿಗಳ ಸಂಘವನ್ನು ಸಂಸಾರ ಸಮೇತ ಇಲ್ಲಿಗೆ ಕರೆತಂದಿದ್ದರು. ಹಳೆಯ ರೇಷ್ಮೆ ಗಿರಣಿಯಲ್ಲಿ ಬೆಳ್ಳಿ ಕೆಲಸ, ಬಡಗಿ ಕೆಲಸ ನಡೆಯುತ್ತಿದ್ದವು. ಊರಿನವರಿಗೆ ಸಂಜೆ ತರಗತಿಗಳೂ ಇದ್ದವು.

ಕಲೆಯ ವಿದ್ಯಾರ್ಥಿಗಳಿಗೆ ಪರಿಚಿತರಾದ ಆನಂದ ಕುಮಾರಸ್ವಾಮಿಯವರೂ 1907ರಿಂದ ಕೆಲಕಾಲ ಪಕ್ಕದ ಬ್ರಾಡ್ ಕ್ಯಾಂಪ್ಡೆನ್ನಿನಲ್ಲಿ ಇದ್ದರೆಂಬುದು ಅನೇಕರಿಗೆ ತಿಳಿಯದು. ಪಾಳುಬಿದ್ದ ಹಳೆಯ ಪ್ರಾರ್ಥನಾ ಮಂದಿರವೊಂದನ್ನು ಆಷ್‌ಬೀ ಅವರಿಗಾಗಿ ಮನೆಯಾಗಿ ಮಾರ್ಪಡಿಸಿಕೊಟ್ಟರು. ಮಧ್ಯಯುಗದ ಸಿಂಹಳೀಯ ಕಲೆಯನ್ನು ಕುರಿತ ಅವರ ದೊಡ್ಡ ಗ್ರಂಥ ಅಲ್ಲೇ, ಕೈಯಚ್ಚಿನ ಯಂತ್ರದಲ್ಲಿ ಮುದ್ರಣಗೊಂಡು 1908ರ ಡಿಸೆಂಬರ್‌ನಲ್ಲಿ ಮುಗಿಯಿತು. ಅಚ್ಚಾದದ್ದು 425 ಪ್ರತಿ.

ಅದೇ 1908ರಲ್ಲಿ ಆಷ್‌ಬೀ ಸಂಘ ದಿವಾಳಿಯೆದ್ದಿತು. ಯಂತ್ರದ ಅಗ್ಗದ ಸಾಮಾನಿನ ಎದುರು ಕೈಕೆಲಸ ನಿಲ್ಲಲಿಲ್ಲ, ಪೇಟೆಯೂ ದೂರ. ಆದರೂ ಕೆಲವರು ಊರು ಬಿಡಲಿಲ್ಲ. ಹಾರ್ಟ್ ಮನೆತನದ ಬೆಳ್ಳಿ ಕೆಲಸ ಅದೇ ಗಿರಣಿಯಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಊರಿಗಾಗಿ ಹೊತ್ತ ಸಾಲ

ಗ್ರಿಗ್ಸ್ ಬರಿಯ ಚಿತ್ರ ಬರೆದು ಸುಮ್ಮನಿರಲಿಲ್ಲ. ಊರಿನ ಯುದ್ಧ ಸ್ಮಾರಕದ ವಿನ್ಯಾಸ ಅವನದೇ. ಊರಿನ ಮೇಲಿರುವ ಡೋವರ್ಸ್ ಗುಡ್ಡ 1926ರಲ್ಲಿ ಹರಾಜಿಗೆ ಬಂದಾಗ ಕೈಯಲ್ಲಿ ಅಷ್ಟು ಹಣವಿಲ್ಲದೆಯೂ ತಾನೇ ಕೂಗಿ ಕೊಂಡುಕೊಂಡ. ಇತಿಹಾಸಕಾರ ಟ್ರೆವೆಲಿಯನ್ ಮೊದಲಾದವರ ನೆರವಿನಿಂದ ಅದು ಮುಂದೆ ನ್ಯಾಷನಲ್ ಟ್ರಸ್ಟಿನ ಪಾಲಾಗಿ ಎಲ್ಲರಿಗೂ ಉಳಿಯಿತು. ಹಳೆಯ ಕಟ್ಟಡಗಳನ್ನು ಕಾಪಾಡಲು 1929ರಲ್ಲಿ ಗೆಳೆಯರೊಡನೆ ಕ್ಯಾಂಪ್ಡೆನ್ ಟ್ರಸ್ಟ್ ಕಟ್ಟಿದ.

ಇಷ್ಟರಲ್ಲಿ ತನಗೂ ಸ್ಥಳೀಯ ಕಲ್ಲಿನಲ್ಲಿ, ಹಳೆಯ ಕ್ರಮದಲ್ಲಿಯೇ ಒಂದು ಮನೆ ಕಟ್ಟಿಸತೊಡಗಿದ್ದ. ಆಗ ಎಚ್ಚಿಂಗ್‌ಗಳಿಗೆ ಒಳ್ಳೆಯ ಬೆಲೆ ಇತ್ತು. ಆದರೆ 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, ಅದರೊಂದಿಗೆ ಎಚ್ಚಿಂಗ್ ಮಾರುಕಟ್ಟೆಯೂ ನೆಲಕಚ್ಚಿತು. ಕೊನೆಯ ವರ್ಷಗಳ ಚಳಿಗಾಲವನ್ನು ಅವನು ಸಾಲದ ಭಾರದಲ್ಲೇ ಕಳೆಯಬೇಕಾಯಿತು.

'ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?' ಎಂದು ಮಕ್ಕಳನ್ನು ಕೇಳುವ ತಂದೆತಾಯಿಗಳಿಗೆ ಈ ಕತೆ ಸುಲಭದ ಸಮಾಧಾನ ಕೊಡುವುದಿಲ್ಲ. ಅವರ ಆತಂಕ ಸುಳ್ಳಲ್ಲ. ಆದರೆ ಗ್ರಿಗ್ಸ್ ಆರಂಭಿಸಿದ್ದು ಹೊಟ್ಟೆಪಾಡಿನ ಪುಸ್ತಕಚಿತ್ರಗಳಿಂದ ಎಂಬುದನ್ನು ಮರೆಯಬಾರದು. ಆ ನಿತ್ಯದ ದುಡಿಮೆಯೇ ಅವನ ಕೈಯನ್ನು ಪಳಗಿಸಿತು, ಕಟ್ಟಡಗಳನ್ನು ಓದಲು ಕಲಿಸಿತು. ಕಲೆಯನ್ನು ಆರಿಸಿಕೊಳ್ಳುವ ವಿದ್ಯಾರ್ಥಿ ಅನ್ನ ಕೊಡುವ ಒಂದು ಕೈಕೆಲಸವನ್ನೂ ಜೊತೆಗೆ ಕಲಿಯುವುದು ಒಳ್ಳೆಯದು. ಮಕ್ಕಳು ಬೇಕಾದರೆ ಇಂದೇ ತಮ್ಮ ಊರಿನ ಒಂದು ಹಳೆಯ ಮನೆಯನ್ನೋ ಕಲ್ಯಾಣಿಯನ್ನೋ ಪೆನ್ಸಿಲ್ಲಿನಲ್ಲಿ ಬರೆಯಲು ಕೂರಲಿ. ಒಂದು ಕಟ್ಟಡವನ್ನು ಗಂಟೆಗಟ್ಟಲೆ ನೋಡಿ ಬರೆದವನಿಗೆ ಅದನ್ನು ಕೆಡವಲು ಅಷ್ಟು ಸುಲಭವಾಗಿ ಮನಸ್ಸು ಬಾರದು.