ದೋರಸಮುದ್ರದಿಂದ ಹಳೇಬೀಡಿಗೆ: ಕೆರೆಯಂಚಿನ ಊರೊಂದರ ಓದು

ಹಳೇಬೀಡನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಹೊಯ್ಸಳೇಶ್ವರ ದೇವಾಲಯದ ಜಗತಿಯ ಮೇಲೆ ಆರಂಭವಾಗಿ ಅಲ್ಲಿಯೇ ಮುಕ್ತಾಯಗೊಳ್ಳುತ್ತದೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಊರಿಗೆ ಬರುವ ಪ್ರವಾಸಿಗರಿಗೂ ನಂದಿಮಂಟಪಗಳ ಆಚೆ ಹರಡಿರುವ ಕೆರೆಯು ಚಿತ್ರದ ಹಿನ್ನೆಲೆ ಮಾತ್ರ. ಆದರೆ ಊರಿನ ಮೊದಲ ಹೆಸರೇ ಕೆರೆಯದು ಎಂಬುದನ್ನು ಗಮನಿಸಿದರೆ ಓದಿನ ದಿಕ್ಕು ಬದಲಾಗುತ್ತದೆ. ಈ ಊರಿನ ಎರಡು ಹೆಸರುಗಳ ಮೂಲಕ ಅದರ ಚರಿತ್ರೆಯನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಸ್ಥಳನಾಮಗಳಲ್ಲಿ ‘ಸಮುದ್ರ’ ಎಂಬುದು ಕಡಲಲ್ಲ, ಹಿರಿದಾದ ಕೆರೆ. ಬೇಲೂರಿನ ವಿಷ್ಣುಸಮುದ್ರ ಇದಕ್ಕೆ ಹತ್ತಿರದ ನಿದರ್ಶನ. ‘ದ್ವಾರಸಮುದ್ರ’ ಎಂಬ ರೂಪವನ್ನು ಹಿಡಿದು ಸಮುದ್ರಕ್ಕೆ ಬಾಗಿಲು ಎಂದು ಅರ್ಥ ಹೇಳುವುದು ಮಾರ್ಗದರ್ಶಿ ಪುಸ್ತಿಕೆಗಳಿಗೆ ಪ್ರಿಯವಾದರೂ, ಕಡಲಿನಿಂದ ಬಹುದೂರದಲ್ಲಿರುವ ಈ ಊರಿಗೆ ಅದು ಒಪ್ಪುವುದಿಲ್ಲ. ಶಾಸನಗಳಲ್ಲಿ ಹೆಚ್ಚಾಗಿ ಕಾಣುವ ‘ದೋರಸಮುದ್ರ’ವೇ ಮೂಲವಾಗಿದ್ದು, ಸಂಸ್ಕೃತೀಕರಣದಿಂದ ‘ದ್ವಾರ’ ಬಂದಿರಬೇಕು. ರಾಷ್ಟ್ರಕೂಟ ಧ್ರುವನ ‘ಧೋರ’ ಎಂಬ ಹೆಸರಿನೊಡನೆ ಇದನ್ನು ಜೋಡಿಸಿ, ಕೆರೆಯು ಹೊಯ್ಸಳರಿಗಿಂತ ಹಿಂದಿನದೆಂದು ಹೇಳುವ ವಿದ್ವಾಂಸರಿದ್ದಾರೆ. ಈ ಅಭಿಪ್ರಾಯವನ್ನು ಒಪ್ಪುವುದಾದರೆ, ರಾಜಧಾನಿ ಕೆರೆಯನ್ನು ಕಟ್ಟಿಕೊಂಡಿತು ಎನ್ನುವುದಕ್ಕಿಂತ ಕೆರೆಯೇ ರಾಜಧಾನಿಯನ್ನು ಕರೆಯಿತು ಎನ್ನುವುದು ಹೆಚ್ಚು ಸೂಕ್ತ.

ಹಾಸನ ಜಿಲ್ಲೆಯಲ್ಲಿ ಸಕಲೇಶಪುರದ ಮಲೆನಾಡಿನಿಂದ ಪೂರ್ವಕ್ಕೆ, ಅರಸೀಕೆರೆಯ ಬಯಲಿನ ಕಡೆಗೆ ಸಾಗಿದಂತೆ ಮಳೆ ಕುಗ್ಗುತ್ತದೆ. ಹಳೇಬೀಡು ಇರುವುದು ಈ ಇಳಿಮುಖದ ನಡುವೆ. ದೊಡ್ಡ ನದಿಯ ದಡವಿಲ್ಲದ ಇಂತಹ ನೆಲದಲ್ಲಿ ಒಂದು ರಾಜವಂಶವು ನೆಲೆವೀಡನ್ನು ಸ್ಥಾಪಿಸಿ, ಶಿಲ್ಪಿಗಳನ್ನೂ ವರ್ತಕರನ್ನೂ ದಂಡನ್ನೂ ಪೊರೆದಿತೆಂದರೆ ಅದರ ಹಿಂದಿನ ನೀರಿನ ಲೆಕ್ಕವನ್ನು ಊಹಿಸಬಹುದು. ನಮ್ಮ ಶಿಲ್ಪಚರಿತ್ರೆಗಳು ಈ ಲೆಕ್ಕಕ್ಕೆ ಒಂದು ಪುಟವನ್ನೂ ಕೊಡದಿರುವುದು ವಿಚಿತ್ರ.

ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನು 1121ರ ಸುಮಾರಿಗೆ ಕಟ್ಟಿಸಿದ ಹೊಯ್ಸಳೇಶ್ವರವು ಬಳಪದ ಕಲ್ಲಿನ ದ್ವಿಕೂಟ. ಆನೆಗಳ ಸಾಲಿನಿಂದ ಹಂಸಗಳವರೆಗೆ ಏರುವ ಅದರ ಪಟ್ಟಿಕೆಗಳ ವರ್ಣನೆ ಸಾಕಷ್ಟು ಬಂದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಸಾಹಿತ್ಯದ ವಿದ್ಯಾರ್ಥಿಯನ್ನು ಹೆಚ್ಚು ಹೊತ್ತು ನಿಲ್ಲಿಸುವ ಸ್ಥಳ, ಅಲ್ಲಿಂದ ತುಸು ದೂರದ ಬಸ್ತಿಹಳ್ಳಿ. ಗಂಗರಾಜನ ನೆನಪಿಗಾಗಿ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಪ್ರತಿಷ್ಠೆಯ ಪ್ರಸಾದವು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ತಲುಪಿದಾಗ, ಯುದ್ಧದ ಜಯವೂ ಪುತ್ರಜನನವೂ ಕೂಡಿಬಂದಿದ್ದವು. ಆತ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ತಿಳಿಸುತ್ತದೆ. ಇದೇ ವಿಜಯಪಾರ್ಶ್ವನ ಬಸದಿಗೆ ಮುಂದೆ ಕವಿಚಕ್ರವರ್ತಿ ಜನ್ನನು ದ್ವಾರವನ್ನು ಮಾಡಿಸಿದನೆಂದು ನಮ್ಮ ಸಾಹಿತ್ಯಚರಿತ್ರೆಕಾರರು ಹೇಳುತ್ತಾರೆ. ವೈಷ್ಣವನಾದನೆಂದು ನಾವು ತರಗತಿಯಲ್ಲಿ ಸುಲಭವಾಗಿ ಹೇಳಿಬಿಡುವ ಅರಸನೊಬ್ಬನ ಬಗೆಗೆ ಈ ನಾಮಕರಣ ಪ್ರಸಂಗವು ಮರುಚಿಂತನೆಯನ್ನು ಬೇಡುತ್ತದೆ.

ಹೊಯ್ಸಳೇಶ್ವರದ ಬಳಿ ಕುವರ ಲಕ್ಷ್ಮನ ಸ್ತಂಭವಿದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರು ಅದರ ಮೇಲಿದ್ದಾರೆ. ಇಮ್ಮಡಿ ಬಲ್ಲಾಳನೊಡನೆ ಪ್ರಾಣ ತೆತ್ತ ಗರುಡರ ನೆನಪದು. ಮದನಿಕೆಯರ ಮುಂದೆ ನಿಲ್ಲುವ ಜನರಲ್ಲಿ ಈ ಕಂಬದ ಮುಂದೆ ನಿಲ್ಲುವವರು ವಿರಳ.

1311ರಲ್ಲಿ ಮಲಿಕ್ ಕಾಫರನ ದಂಡು ಬಂದಿತು. 1327ರ ಸುಮಾರಿಗೆ ಮತ್ತೊಂದು ದಾಳಿ ನಡೆಯಿತು. ಮುಮ್ಮಡಿ ಬಲ್ಲಾಳನು ತಿರುವಣ್ಣಾಮಲೆಯತ್ತ ಸರಿದ ಮೇಲೆ ದೋರಸಮುದ್ರವು ರಾಜಧಾನಿಯಾಗಿ ಉಳಿಯಲಿಲ್ಲ. ಎರಡನೆಯ ಹೆಸರು ಈ ಘಟ್ಟದ ಅನಂತರದ್ದು. ಇಂಗ್ಲಿಷ್ ಬರಹಗಳು ಇದನ್ನು ‘ಪಾಳುಬಿದ್ದ ನಗರ’ ಎಂದು ಅನುವಾದಿಸುತ್ತ ಬಂದಿವೆ. ನಮ್ಮಲ್ಲಿಯೂ ಅದು ಪ್ರಶ್ನೆಯಿಲ್ಲದೆ ನಡೆದುಬಂದಿದೆ. ಆದರೆ ಹೆಸರಿನಲ್ಲಿರುವುದು ‘ಹಳೆ’, ‘ಹಾಳು’ ಅಲ್ಲ. ‘ಬೀಡು’ ಎಂದರೆ ಬಿಡಾರ, ಅರಸನ ವಾಸ್ತವ್ಯ. ಅರಸ ಹಿಂದೆ ಬಿಡಾರ ಮಾಡಿದ್ದ ಊರು ಎಂಬಷ್ಟೇ ಅದರ ಅರ್ಥ. ಹೀಗೆ ಕರೆಯಲು ಅಲ್ಲಿ ಉಳಿದವರು ಬೇಕಲ್ಲವೆ? ಅರಮನೆ ಹೋದ ಮೇಲೂ ನೀರಿತ್ತು, ನೀರಿನ ಕೆಳಗೆ ಗದ್ದೆಯಿತ್ತು, ಗದ್ದೆಯ ಮೇಲೆ ಬದುಕುವ ಜನರಿದ್ದರು. ‘ಪಾಳು’ ಎಂಬ ಅನುವಾದವು ಇವರನ್ನು ಚರಿತ್ರೆಯಿಂದ ಅಳಿಸುತ್ತದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರಗಳ ಜೊತೆಗೆ ಹಳೇಬೀಡಿನ ದೇವಾಲಯವು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈ ಭಾಗದ ರೈತರದು ಬೇರೊಂದು ಹೋರಾಟ: ಯಗಚಿಯ ನೀರನ್ನು ಈ ಕೆರೆಗೆ ಹರಿಸುವ ರಣಘಟ್ಟ ಯೋಜನೆಗಾಗಿ ಅವರು ಬೀದಿಗಿಳಿದಿದ್ದರು. ರಣಘಟ್ಟದ ಒಡ್ಡನ್ನು ಅವರು ಹೊಯ್ಸಳರ ಕಾಲದ್ದೆಂದೇ ಗುರುತಿಸುತ್ತಾರೆ.