ಹಸುವಿನ ಒಡಲ ಶಾಖ ಮತ್ತು ಹಾಲಿನ ಇಳುವರಿ

ಹಸುವಿನ ದೇಹದ ಸಹಜ ತಾಪಮಾನ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಅದರ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಅತಿ ದೊಡ್ಡದಾದ ರೂಮೆನ್‌ನಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ಮೇವಿನ ನಾರನ್ನು ಹುದುಗಿಸಿ ಒಡೆಯುವಾಗ ಬಹಳಷ್ಟು ಶಾಖ ಹುಟ್ಟುತ್ತದೆ. ಕೆಚ್ಚಲಿನಲ್ಲಿ ಹಾಲು ತಯಾರಾಗುವಾಗಲೂ ಶಾಖ ಹುಟ್ಟುತ್ತದೆ. ಹೀಗಾಗಿ ಹೆಚ್ಚು ಮೇದು ಹೆಚ್ಚು ಹಾಲು ಕೊಡುವ ಹಸುವೇ ಬೇಸಿಗೆಯಲ್ಲಿ ಹೆಚ್ಚು ಬಳಲುತ್ತದೆ. ಒಳಗೆ ಹುಟ್ಟಿದ ಶಾಖವನ್ನು ಹೊರಹಾಕಲು ದೇಹಕ್ಕೆ ಸಾಧ್ಯವಾಗದ ಈ ಸ್ಥಿತಿಯನ್ನು ಪಶುವಿಜ್ಞಾನಿಗಳು ಶಾಖದ ಒತ್ತಡ ಎನ್ನುತ್ತಾರೆ.

ಈ ಒತ್ತಡವನ್ನು ಉಷ್ಣಾಂಶವೊಂದರಿಂದಲೇ ಅಳೆಯಲಾಗದು, ಏಕೆಂದರೆ ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಬೆವರು ಮತ್ತು ಉಸಿರಿನ ಮೂಲಕ ನೀರು ಆವಿಯಾಗಿ ಮೈ ತಣಿಯುವುದು ಕಷ್ಟವಾಗುತ್ತದೆ. ಆದ್ದರಿಂದ ಎರಡನ್ನೂ ಸೇರಿಸಿ ಲೆಕ್ಕಹಾಕುವ ತಾಪಮಾನ–ಆರ್ದ್ರತೆ ಸೂಚ್ಯಂಕವನ್ನು ಬಳಸಲಾಗುತ್ತದೆ. ಉಷ್ಣಾಂಶ 30 ಡಿಗ್ರಿ ಇದ್ದಾಗ ಆರ್ದ್ರತೆ ಶೇ. 20 ಆಗಿದ್ದರೆ ಈ ಸೂಚ್ಯಂಕ ಸುಮಾರು 74, ಶೇ. 70 ಆಗಿದ್ದರೆ ಸುಮಾರು 81. ಹಾಲಿನ ಹಸುಗಳಿಗೆ 72ನ್ನು ಅಪಾಯದ ಆರಂಭವೆಂದು ದೀರ್ಘಕಾಲ ಪರಿಗಣಿಸಲಾಗಿತ್ತು. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಅದು 68ರ ಆಸುಪಾಸಿನಲ್ಲೇ ಆರಂಭವಾಗುತ್ತದೆಂದು ನಂತರದ ಸಂಶೋಧನೆ ತೋರಿಸಿತು.

ಬಿಸಿಲಿನಿಂದ ಬಳಲಿದ ಹಸು ಏದುಸಿರು ಬಿಡುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ರಕ್ತದ ಆಮ್ಲ–ಕ್ಷಾರ ಸಮತೋಲ ಕಾಯಲು ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕುತ್ತವೆ. ಬಾಯಿಂದ ಜೊಲ್ಲು ಸುರಿದು ವ್ಯರ್ಥವಾಗುತ್ತದೆ, ಮೆಲುಕು ಹಾಕುವುದೂ ಕಡಿಮೆಯಾಗುತ್ತದೆ. ರೂಮೆನ್‌ನ ಆಮ್ಲವನ್ನು ಜೊಲ್ಲಿನಲ್ಲಿರುವ ಬೈಕಾರ್ಬೊನೇಟ್ ತಗ್ಗಿಸುವುದರಿಂದ, ಅದು ಕಡಿಮೆಯಾದಾಗ ಅಲ್ಲಿ ಆಮ್ಲ ಹೆಚ್ಚಿ ಜೀರ್ಣಕ್ರಿಯೆ ಕೆಡುತ್ತದೆ.

ಬಿಸಿಯಲ್ಲಿ ಹಸು ಮೇವು ಕಡಿಮೆ ತಿನ್ನುವುದೇ ಹಾಲು ಇಳಿಯಲು ಕಾರಣವೆಂಬ ನಂಬಿಕೆಯನ್ನು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆಗೆ ಒಡ್ಡಿದರು. ಬಿಸಿಯಲ್ಲಿರಿಸಿದ ಹಸುಗಳು ತಿನ್ನುವಷ್ಟೇ ಮೇವನ್ನು ತಂಪಿನಲ್ಲಿದ್ದ ಹಸುಗಳಿಗೂ ಕೊಟ್ಟು ನೋಡಿದಾಗ, ಹಾಲಿನ ಇಳಿಕೆಯ ಒಂದು ಭಾಗಕ್ಕೆ ಮಾತ್ರ ಮೇವಿನ ಕೊರತೆ ಕಾರಣವೆಂದು ತಿಳಿಯಿತು. ತಂಪಿನಲ್ಲಿ ಅರೆಹೊಟ್ಟೆಯಲ್ಲಿದ್ದ ಹಸು ತನ್ನ ಕೊಬ್ಬನ್ನು ಕರಗಿಸಿ ಗ್ಲುಕೋಸನ್ನು ಕೆಚ್ಚಲಿಗೆ ಉಳಿಸುತ್ತದೆ. ಬಿಸಿಯಲ್ಲಿರುವ ಹಸುವಿನಲ್ಲಾದರೋ ಇನ್ಸುಲಿನ್ ಹೆಚ್ಚಿ ಕೊಬ್ಬು ಕರಗದೆ ಉಳಿಯುತ್ತದೆ, ಗ್ಲುಕೋಸನ್ನು ದೇಹದ ಇತರ ಅಂಗಾಂಶಗಳೇ ಬಳಸಿಕೊಳ್ಳುತ್ತವೆ. ಹಾಲಿನ ಪ್ರಮಾಣವನ್ನು ನಿರ್ಧರಿಸುವ ಲ್ಯಾಕ್ಟೋಸ್ ಎಂಬ ಸಕ್ಕರೆ ಗ್ಲುಕೋಸಿನಿಂದಲೇ ಆಗಬೇಕಾದ್ದರಿಂದ ಹಾಲು ಇಳಿಯುತ್ತದೆ.

ತಳಿಗಳಲ್ಲೂ ವ್ಯತ್ಯಾಸವಿದೆ. ನಾಡತಳಿಗಳಿಗೆ ಬೆವರಿನ ಗ್ರಂಥಿಗಳು ಹೆಚ್ಚು, ಕೂದಲು ಗಿಡ್ಡ, ಒಡಲಲ್ಲಿ ಹುಟ್ಟುವ ಶಾಖವೂ ಕಡಿಮೆ. ಹೋಲ್‌ಸ್ಟೀನ್ ರಕ್ತದ ಮಿಶ್ರತಳಿಗಳಿಗೆ ಈ ಅನುಕೂಲ ಅಷ್ಟಿಲ್ಲ. ಇಂಥ ತಳಿಭೇದದ ಅಧ್ಯಯನ ಹಸುಗಳಿಗಷ್ಟೇ ಸೀಮಿತವಲ್ಲ: ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿ ಉಸ್ಮಾನಾಬಾದಿ, ಮಲಬಾರಿ, ಸೇಲಂ ಬ್ಲ್ಯಾಕ್ ತಳಿಗಳ ಆಡುಗಳನ್ನು ಹೋಲಿಸಿ, ಬಿಸಿಯಲ್ಲಿ ಜೀವಕೋಶಗಳನ್ನು ಕಾಪಾಡುವ ಶಾಖಾಘಾತ ಪ್ರೋಟೀನ್‌ಗಳ ಮೂಲಕ ತಾಳಿಕೆಯ ಶಕ್ತಿಯನ್ನು ಅಧ್ಯಯನ ಮಾಡಲಾಗಿದೆ.

ಕೊಟ್ಟಿಗೆಯಲ್ಲಿ ನೆರಳು, ಸದಾ ತಣ್ಣೀರು, ಮುಂಜಾನೆ ಮತ್ತು ಇಳಿಹೊತ್ತಿನ ಮೇವು ಇವೆಲ್ಲ ನೆರವಾಗುತ್ತವೆ. ಆದರೆ ಗಾಳಿಯಾಡದ ಕಡೆ ಬರಿದೇ ನೀರು ಚಿಮುಕಿಸಿದರೆ ತೇವ ಹೆಚ್ಚಿ ಬಾಧೆಯೇ ಬೆಳೆಯುವುದರಿಂದ, ಚಿಮುಕಿಸುವುದರೊಂದಿಗೆ ಫ್ಯಾನ್ ಕೂಡ ಇರಬೇಕು. ಹಸು ತನ್ನನ್ನು ಉಳಿಸಿಕೊಳ್ಳಲು ಹೆಣಗುತ್ತಿರುವುದರ ಗುರುತಾಗಿ ಹಾಲು ಇಳಿಯುತ್ತದೆಯಾದ್ದರಿಂದ, ಹಿಂಡಿ ಹೆಚ್ಚಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಹಸುವನ್ನು ತಂಪಾಗಿಡುವುದು.